ಬ್ರಿಟನ್ನಿನ ವೈದ್ಯಕೀಯ ಕಾಲೇಜಿನ ಸಂದರ್ಶನದ ದಿನ: ಮನೆ ಬಿಟ್ಟಾಗಿನಿಂದ ಮರಳುವವರೆಗೆ

ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಎಂದರೆ ನೀಟ್ ರ‍್ಯಾಂಕು, ಅದರ ಬೆನ್ನಿಗೆ ಕೆಇಎ ಕೌನ್ಸೆಲಿಂಗು. ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು 'ನಿನಗೇಕೆ ಡಾಕ್ಟರ್ ಆಗಬೇಕು' ಎಂದು ಯಾರೂ ಕೇಳುವುದಿಲ್ಲ. ಆ ಪದ್ಧತಿಯನ್ನು ಕಂಡು ಬೆಳೆದ ನಮ್ಮಂಥ ತಂದೆತಾಯಂದಿರಿಗೆ, ಬ್ರಿಟನ್ನಿನಲ್ಲಿ ಓದುತ್ತಿರುವ ಮಕ್ಕಳು ಮೆಡಿಸಿನ್‌ಗೆ ಅರ್ಜಿ ಹಾಕಿದಾಗ ಎದುರಾಗುವ ಸಂದರ್ಶನದ ಘಟ್ಟ ತೀರ ಅಪರಿಚಿತ. ನನ್ನ ಹಿರಿಯ ಮಗಳ ವರ್ಷದಲ್ಲಿ ನಾನು ನಲವತ್ತು ಪ್ರಶ್ನೆಗಳಿಗೆ ಉತ್ತರ ಟೈಪ್ ಮಾಡಿಸಿ, ಪಿಯುಸಿ ಪರೀಕ್ಷೆಗೆ ಓದಿಸುವ ಹಾಗೆ ಬಾಯಿಪಾಠ ಮಾಡಿಸಿದ್ದೆ. ಮೊದಲ ಸಂದರ್ಶನ ಮುಗಿಸಿ ಬಂದವಳು, 'ಅಮ್ಮಾ, ಅವರು ಉತ್ತರ ಕೇಳಲೇ ಇಲ್ಲ, ನಾನು ಹೇಗೆ ಯೋಚಿಸುತ್ತೇನೆ ಎಂದು ನೋಡುತ್ತಿದ್ದರು' ಎಂದಳು. ಆ ಮಾತಿನಿಂದ ಕಲಿತದ್ದನ್ನೂ, ಆಮೇಲೆ ನಮ್ಮ ಊರಿನ ಕನ್ನಡ ಕೂಟದ ಮಕ್ಕಳಿಗೆ ಭಾನುವಾರಗಳಂದು ಅಣಕು ಸಂದರ್ಶನ ನಡೆಸುತ್ತ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಕರೆ ಬರುವುದು ಯಾವಾಗ, ಎಂಥ ಸಂದರ್ಶನಕ್ಕೆ

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶದ ಅರ್ಜಿಗಳನ್ನು ಸ್ವೀಕರಿಸುವ ಸಂಸ್ಥೆಯಾದ ಯುಕಾಸ್ ಮೂಲಕ ಮೆಡಿಸಿನ್ ಅರ್ಜಿ ಸಲ್ಲಿಸಲು ಅಕ್ಟೋಬರ್ 15 ಕೊನೆಯ ದಿನ. ಒಬ್ಬ ವಿದ್ಯಾರ್ಥಿ ಗರಿಷ್ಠ 4 ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಐದನೆಯ ಆಯ್ಕೆ ಬೇರೆ ಕೋರ್ಸಿನದು. ಬೇಸಿಗೆಯಲ್ಲಿ ಬರೆದ ಯುಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಂಕ, ಶಾಲೆಯ ಅಂಕಗಳು ಮತ್ತು ಅರ್ಜಿಯನ್ನು ನೋಡಿ ಕಾಲೇಜುಗಳು ಸಂದರ್ಶನಕ್ಕೆ ಕರೆಯುತ್ತವೆ. ಬಹುಪಾಲು ಸಂದರ್ಶನಗಳು ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ದಾರಿ ಬೇರೆ: ಅಲ್ಲಿ ಡಿಸೆಂಬರಿನಲ್ಲಿ ಬೋಧಕರು ಕುಳಿತು ವಿಜ್ಞಾನದ ಸಮಸ್ಯೆಯೊಂದನ್ನು ಮುಂದಿಟ್ಟು, ಅದನ್ನು ಹಂತಹಂತವಾಗಿ ಬಿಡಿಸುವಂತೆ ಪಾಠದ ಧಾಟಿಯಲ್ಲಿ ಮಾತನಾಡಿಸುತ್ತಾರೆ. ಉಳಿದ ಹೆಚ್ಚಿನ ಕಾಲೇಜುಗಳಲ್ಲಿ ಇರುವುದು ಎಂಎಂಐ, ಅಂದರೆ ಒಂದರ ಹಿಂದೊಂದು ನಡೆಯುವ ಹಲವು ಕಿರುಸಂದರ್ಶನಗಳು. ಈ ಲೇಖನದ ಬಹುಭಾಗ ಅದರ ಬಗ್ಗೆಯೇ ಇದೆ.

ಎಂಎಂಐ ಏಕೆ ಹುಟ್ಟಿತು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿದರೆ ಅರ್ಧ ಭಯ ಇಳಿಯುತ್ತದೆ. ಕೆನಡಾದ ಹ್ಯಾಮಿಲ್ಟನ್ ನಗರದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2000ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿ, 2004ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದೇ ಸಮಿತಿಯ ಮುಂದೆ ನಡೆಯುವ ಸಂದರ್ಶನದಲ್ಲಿ ಅಭ್ಯರ್ಥಿಯ ಯೋಗ್ಯತೆಯಷ್ಟೇ ಆ ದಿನ ಎದುರಿಗೆ ಕುಳಿತವರ ಒಲವುಗಳೂ ಅಂಕವನ್ನು ನಿರ್ಧರಿಸಿಬಿಡುತ್ತವೆ ಎಂಬುದು ಅವರ ಕಾಳಜಿಯಾಗಿತ್ತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪರಿಚಯಿಸಿದ, ಇಂದು ಬ್ರಿಟನ್ನಿನ ವೈದ್ಯಕೀಯ ವಿದ್ಯಾರ್ಥಿಗಳು ಎದುರಿಸುವ, ಒಂದೊಂದೇ ಘಟ್ಟ ದಾಟುತ್ತ ಕೌಶಲ ತೋರಿಸಬೇಕಾದ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ ಮಾದರಿಯನ್ನೇ ಅವರು ಪ್ರವೇಶಕ್ಕೂ ತಂದರು. ಪ್ರತಿ ಸ್ಟೇಷನ್ನಿನಲ್ಲೂ, ಅಂದರೆ ಪ್ರತಿ ಕಿರುಸಂದರ್ಶನದಲ್ಲೂ, ಬೇರೆ ಪರೀಕ್ಷಕರು, ಬೇರೆ ವಿಷಯ, ಬೇರೆ ಅಂಕ. ಮೂರನೆಯ ಕೋಣೆಯಲ್ಲಿ ನೀವು ತಡವರಿಸಿದ್ದು ನಾಲ್ಕನೆಯ ಕೋಣೆಯವರಿಗೆ ಗೊತ್ತಿರುವುದೇ ಇಲ್ಲ. ಈ ಒಂದು ಸಂಗತಿಯನ್ನು ಮಗುವಿನ ಮನಸ್ಸಿಗೆ ಇಳಿಯುವ ಹಾಗೆ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಹಿಂದಿನ ವಾರ, ಹಿಂದಿನ ದಿನ

ಕರೆಯ ಇಮೇಲ್ ಬಂದೊಡನೆ ಅದನ್ನು ಎರಡು ಸಲ ನಿಧಾನವಾಗಿ ಓದಿ. ಸಂದರ್ಶನ ಕಾಲೇಜಿನಲ್ಲಿಯೋ ಆನ್‌ಲೈನ್‌ನಲ್ಲಿಯೋ, ಎಷ್ಟು ಸ್ಟೇಷನ್‌ಗಳು, ಒಂದೊಂದಕ್ಕೆ ಎಷ್ಟು ನಿಮಿಷ, ಯಾವ ಗುರುತಿನ ಚೀಟಿ ಬೇಕು, ಪೆನ್ನು ಕಾಗದ ಬಳಸಬಹುದೇ ಎಂಬುದೆಲ್ಲ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುತ್ತದೆ. ಡಿಸ್ಲೆಕ್ಸಿಯಾ, ಕಿವಿಯ ತೊಂದರೆ, ತೊದಲು ಮುಂತಾದವು ಇರುವ ಮಕ್ಕಳು ಅದನ್ನು ಮೊದಲೇ ಕಾಲೇಜಿಗೆ ತಿಳಿಸಿದರೆ, ಓದಲು ಹೆಚ್ಚಿನ ಸಮಯದಂಥ ಅನುಕೂಲಗಳನ್ನು ಪಡೆಯಬಹುದು. ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯ ಪ್ರಕಾರ ಅದು ಅವರ ಹಕ್ಕು. ನಮ್ಮ ಮನೆಗಳಲ್ಲಿ ಇಂಥದ್ದನ್ನು ಮುಚ್ಚಿಡುವ ರೂಢಿಯಿದೆ. ದಯವಿಟ್ಟು ಮುಚ್ಚಿಡಬೇಡಿ.

ಜನವರಿ, ಫೆಬ್ರವರಿಗಳಲ್ಲಿ ಹಿಮ ಬಿದ್ದು ರೈಲು ರದ್ದಾಗುವುದು ಹೊಸತೇನಲ್ಲ. ಲಂಡನ್ನಿನಿಂದ ಅಬರ್ಡೀನಿಗೋ ಡಂಡಿಗೋ ಹೋಗಬೇಕಾದವರು ಹಿಂದಿನ ದಿನವೇ ತಲುಪಿ, ಸಂಜೆ ಒಮ್ಮೆ ಆ ಕಟ್ಟಡದ ಬಾಗಿಲವರೆಗೆ ನಡೆದು ನೋಡಿ ಬರುವುದು ಒಳ್ಳೆಯದು. ಬಟ್ಟೆ ಶುಭ್ರವಾಗಿ, ಮೈಗೆ ಒಗ್ಗುವಂತೆ ಇದ್ದರೆ ಸಾಕು. ಸೂಟ್ ಹಾಕಿದವರೂ ಇರುತ್ತಾರೆ, ಸಲ್ವಾರ್ ತೊಟ್ಟವರೂ ಇರುತ್ತಾರೆ, ಅದಕ್ಕೆ ಅಂಕವಿಲ್ಲ. ಕಾಲಿಗೆ ಕಚ್ಚುವ ಹೊಸ ಬೂಟು ಮಾತ್ರ ಬೇಡ, ಏಕೆಂದರೆ ಕೋಣೆಯಿಂದ ಕೋಣೆಗೆ ನಡೆಯುವುದು, ಆಮೇಲೆ ಕ್ಯಾಂಪಸ್ ಸುತ್ತುವುದು ಇರುತ್ತದೆ.

ಕರ್ನಾಟಕದಿಂದಲೇ ಅರ್ಜಿ ಹಾಕಿದ ಮಕ್ಕಳಿಗೆ ಸಂದರ್ಶನ ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿರುತ್ತದೆ. ಚಳಿಗಾಲದಲ್ಲಿ ಬ್ರಿಟನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿನ ಬೆಳಗಿನ 9 ಎಂದರೆ ಬೆಂಗಳೂರಿನ ಮಧ್ಯಾಹ್ನ 2.30. ಆ ಹೊತ್ತಿಗೆ ಕರೆಂಟು ಹೋದರೂ ನಡೆಯುವಂತೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ವೈಫೈ ಕೈಕೊಟ್ಟರೆ ಬಳಸಲು ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ, ಕುಕ್ಕರ್ ಕೂಗದಂತೆ ಮನೆಯವರಿಗೆಲ್ಲ ಹೇಳಿಟ್ಟಿರಿ. ಪರೀಕ್ಷಕರ ಮುಖವನ್ನಲ್ಲ, ಕ್ಯಾಮೆರಾವನ್ನು ನೋಡಿ ಮಾತನಾಡುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಪಕ್ಕದಲ್ಲಿ ಕುಳಿತು ಪಿಸುಗುಡುವುದು, ಚೀಟಿ ತೋರಿಸುವುದು ಅಪ್ರಾಮಾಣಿಕತೆ. ಕಣ್ಣು ಪಕ್ಕಕ್ಕೆ ಹೊರಳಿದರೆ ಎದುರಿನವರಿಗೆ ಕಾಣುತ್ತದೆ.

ಬಾಗಿಲ ಬಳಿ

ಕಾಲೇಜಿಗೆ ಹೋದವರನ್ನು ಮೊದಲು ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಪ್ರಶ್ನೆಗಳನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂಬ ಒಪ್ಪಿಗೆಗೆ ಸಹಿ ಮಾಡಿಸಿಕೊಳ್ಳುವುದೂ ಉಂಟು. ಆ ಸಹಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಂಚುವ ಮಗು, ರೋಗಿಯ ಗುಟ್ಟು ಕಾಪಾಡುವ ವೃತ್ತಿಗೆ ಮೊದಲ ದಿನವೇ ಅನರ್ಹವೆನಿಸುತ್ತದೆ. ತಂದೆತಾಯಂದಿರಿಗೆ ಇಲ್ಲಿಂದ ಮುಂದೆ ಪ್ರವೇಶವಿಲ್ಲ. ಕೆಲವೆಡೆ ಕಾಯುವ ಕೋಣೆಯಿರುತ್ತದೆ, ಇಲ್ಲದಿದ್ದರೆ ಹತ್ತಿರದ ಕೆಫೆ. ಸ್ವಾಗತಿಸುವ ಸಿಬ್ಬಂದಿಯನ್ನು ನಿಮ್ಮ ಪ್ರಶ್ನೆಗಳಿಂದ ಸುತ್ತುವರಿಯದೆ, ಮಗುವಿನ ಹೆಗಲು ತಟ್ಟಿ ಹೊರಗೆ ಬನ್ನಿ.

ಕಾಯುವಾಗ ಇತರ ಅಭ್ಯರ್ಥಿಗಳ ಮಾತು ಕಿವಿಗೆ ಬೀಳುತ್ತದೆ. ಒಬ್ಬರ ಯುಕ್ಯಾಟ್ ಅಂಕ, ಇನ್ನೊಬ್ಬರು ಆಫ್ರಿಕಾದಲ್ಲಿ ಮಾಡಿದ ಸೇವೆ. ಆ ಲೆಕ್ಕಾಚಾರದಲ್ಲಿ ಸೇರಿಕೊಳ್ಳದೆ, ಅಲ್ಲಿ ಸಹಾಯಕ್ಕೆ ನಿಂತಿರುವ ಹಿರಿಯ ವಿದ್ಯಾರ್ಥಿಗಳೊಡನೆ ಮಾತನಾಡುವುದು ಮೇಲು. ಅವರು ಸಾಮಾನ್ಯವಾಗಿ ಅಂಕ ಕೊಡುವವರಲ್ಲ, ಆ ಕಾಲೇಜಿನ ಜೀವನ ಹೇಗಿದೆ ಎಂಬುದನ್ನು ನಿಜವಾಗಿ ಹೇಳಬಲ್ಲವರು.

ಗಂಟೆ, ಚೀಟಿ, ಕೋಣೆ

ಪ್ರತಿ ಕೋಣೆಯ ಹೊರಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಲು ಒಂದೆರಡು ನಿಮಿಷ. ಗಂಟೆ ಬಾರಿಸುತ್ತದೆ, ಒಳಗೆ ಹೋಗಬೇಕು. ಐದರಿಂದ ಎಂಟು ನಿಮಿಷ ಮಾತು, ಮತ್ತೆ ಗಂಟೆ. ವಾಕ್ಯ ಅರ್ಧದಲ್ಲಿದ್ದರೂ ಅಲ್ಲಿಗೆ ನಿಲ್ಲಿಸಿ, ಧನ್ಯವಾದ ಹೇಳಿ ಹೊರಡಬೇಕು. ಮುಗಿಸಲಾಗದೆ ಗಂಟೆ ಬಾರಿಸಿದ್ದಕ್ಕೆ ಅಳುತ್ತ ಮುಂದಿನ ಕೋಣೆಗೆ ಹೋದ ಮಕ್ಕಳಿದ್ದಾರೆ. ಮನೆಯಲ್ಲಿ ಮೈಕ್ರೋವೇವಿನ ಟೈಮರ್ ಇಟ್ಟು ಹತ್ತು ಸಲ ಅಭ್ಯಾಸ ಮಾಡಿದರೆ ಈ ಆಘಾತ ಕಳೆಯುತ್ತದೆ. ಕೆಲವೆಡೆ ನಡುವೆ ಒಂದು ವಿಶ್ರಾಂತಿ ಸ್ಟೇಷನ್ ಇರುತ್ತದೆ. ಅಲ್ಲಿ ನೀರು ಕುಡಿದು ಸುಮ್ಮನೆ ಕುಳಿತುಕೊಳ್ಳುವುದೇ ಕೆಲಸ.

ಪರೀಕ್ಷಕರಲ್ಲಿ ವೈದ್ಯರು, ದಾದಿಯರು, ಬೋಧಕರು, ಹಿರಿಯ ವಿದ್ಯಾರ್ಥಿಗಳ ಜೊತೆಗೆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಸಾಮಾನ್ಯ ನಾಗರಿಕರೂ ಇರುತ್ತಾರೆ. ಕೆಲವರು ನಗುಮುಖದಿಂದ ಮಾತನಾಡಿಸುತ್ತಾರೆ, ಕೆಲವರು ಕಲ್ಲಿನ ಹಾಗೆ ಕುಳಿತು ಬರೆಯುತ್ತಿರುತ್ತಾರೆ. ನಗದವರು ಕಡಿಮೆ ಅಂಕ ಕೊಡುತ್ತಾರೆಂದೇನಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ರೀತಿ ಇರಬೇಕೆಂದು ಅವರಿಗೆ ಸೂಚನೆ ಇರುತ್ತದೆ.

ನಮ್ಮ ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ದೊಡ್ಡವರಿಗೆ ಎದುರುತ್ತರ ಕೊಡಬಾರದೆಂದು ನಾವು ಕಲಿಸಿದ್ದೇವೆ. ಪರೀಕ್ಷಕರು 'ಇಲ್ಲ, ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ' ಎಂದಾಗ ಮಗು ತಲೆ ತಗ್ಗಿಸಿ ತಕ್ಷಣ ತನ್ನ ಅಭಿಪ್ರಾಯ ಬದಲಿಸಿಬಿಡುತ್ತದೆ. ನಮ್ಮ ಕಣ್ಣಿಗೆ ವಿನಯವೆನಿಸುವ ಇದು ಅಲ್ಲಿ ಸ್ವಂತ ನಿಲುವಿಲ್ಲದಿರುವಿಕೆಯಾಗಿ ಕಾಣುತ್ತದೆ. ಹೊಸ ಕಾರಣ ಸಿಕ್ಕಿದರೆ ಅಭಿಪ್ರಾಯ ಬದಲಿಸಬಹುದು, ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಸಿಗದಿದ್ದರೆ ಗೌರವದಿಂದಲೇ ತನ್ನ ಮಾತಿನಲ್ಲಿ ನಿಲ್ಲಬೇಕು.

ಒಳಗೆ ಏನು ಕೇಳುತ್ತಾರೆ

ಅಭಿನಯದ ಸ್ಟೇಷನ್ ಎಲ್ಲರನ್ನೂ ಹೆದರಿಸುವಂಥದ್ದು. ಹಳೆಯ, ಎಲ್ಲರೂ ಅಭ್ಯಾಸ ಮಾಡುವ ಉದಾಹರಣೆ ಇದು: ನೀವು ಪಕ್ಕದ ಮನೆಯವರ ಬೆಕ್ಕಿನ ಮೇಲೆ ಅಕಸ್ಮಾತ್ತಾಗಿ ಕಾರು ಹರಿಸಿದ್ದೀರಿ, ಬೆಕ್ಕು ಸತ್ತಿದೆ, ಹೋಗಿ ತಿಳಿಸಿ. ಒಳಗೆ ನಟಿಯೊಬ್ಬರು ನೆರೆಮನೆಯವಳಾಗಿ, ಏನೂ ಗೊತ್ತಿಲ್ಲದೆ ಖುಷಿಯಾಗಿ ಕುಳಿತಿರುತ್ತಾರೆ. ಒಂದು ಭಾನುವಾರ ನಾನು ಆ ನೆರೆಮನೆಯವಳಾಗಿದ್ದೆ. ಹದಿನೇಳರ ಹುಡುಗ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ನಡೆದದ್ದೆಲ್ಲ ಹೇಳಿ, ಸಾರಿ ಸಾರಿ ಎನ್ನುತ್ತ, ಹೊಸ ಬೆಕ್ಕು ತಂದುಕೊಡುತ್ತೇನೆ ಎಂದ. ಇನ್ನೂ ನಾಲ್ಕೂವರೆ ನಿಮಿಷ ಉಳಿದಿತ್ತು. ಎರಡನೆಯ ಸಲ ಅವನು ಕುಳಿತುಕೊಂಡ. 'ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ' ಎಂದು ನನ್ನ ಮುಖ ನೋಡಿ ತಡೆದ. 'ನಿಮ್ಮ ಬೆಕ್ಕು ನನ್ನ ಕಾರಿಗೆ ಸಿಕ್ಕಿ ಸತ್ತುಹೋಯಿತು' ಎಂದ. ಆಮೇಲೆ ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ಒಂದು ಗೇಣು ನನ್ನ ಕಡೆಗೆ ಸರಿಸಿದ. ನಾನು ಅಭಿನಯಿಸುತ್ತಿದ್ದೇನೆಂದು ಗೊತ್ತಿದ್ದರೂ ನನ್ನ ಕಣ್ಣು ತುಂಬಿತು. ಪರೀಕ್ಷಕರು ಗಮನಿಸುವುದು ಇವನ್ನೇ: ಸುದ್ದಿಗೆ ಮೊದಲು ಎಚ್ಚರಿಕೆ ಕೊಟ್ಟರೇ, 'ಸತ್ತಿದೆ' ಎಂಬ ಪದವನ್ನು ಸ್ಪಷ್ಟವಾಗಿ ಹೇಳಿದರೇ, ತಪ್ಪನ್ನು ಒಪ್ಪಿಕೊಂಡರೇ, ಎದುರಿನವರು ದುಃಖಪಡಲು ಮೌನವನ್ನು ಬಿಟ್ಟುಕೊಟ್ಟರೇ. ಬೆಕ್ಕಿನ ಬದಲು ಕಳೆದುಹೋದ ಸೂಟ್‌ಕೇಸ್ ಬರಬಹುದು, ಪರೀಕ್ಷೆಯಲ್ಲಿ ನಕಲು ಮಾಡಿದ ಗೆಳೆಯ ಬರಬಹುದು. ನೋಡುವ ಗುಣ ಮಾತ್ರ ಅದೇ.

ಅನುಭವದ ಸ್ಟೇಷನ್ನಿನಲ್ಲಿ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಏನು ಕಂಡಿರಿ, ಅದರಿಂದ ಏನು ತಿಳಿಯಿತು ಎಂದು ಕೇಳುತ್ತಾರೆ. ಎಷ್ಟು ಆಪರೇಷನ್ ನೋಡಿದೆ ಎಂಬ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಕೂಟದ ಒಬ್ಬ ಹುಡುಗನಿಗೆ ದೊಡ್ಡ ಆಸ್ಪತ್ರೆಯ ಅನುಭವವೇನೂ ಇರಲಿಲ್ಲ. ಧಾರವಾಡದಿಂದ ಬಂದಿದ್ದ ಅವನ ಅಜ್ಜಿಯನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ, ಅವನೇ ಕನ್ನಡದಿಂದ ಇಂಗ್ಲಿಷಿಗೆ ಹೇಳಿದ್ದ. ಅಭ್ಯಾಸದಲ್ಲಿ ಅದನ್ನು 'ನಾನು ಭಾಷಾಂತರ ಮಾಡಿ ಸಹಾಯ ಮಾಡಿದೆ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ. ಮತ್ತೆ ಕೇಳಿದಾಗ ನೆನಪಿಸಿಕೊಂಡು ಹೇಳಿದ: ಮೂತ್ರದ ಬಗ್ಗೆ ಡಾಕ್ಟರು ಕೇಳಿದ ಪ್ರಶ್ನೆಯನ್ನು ಅವನು ಅಜ್ಜಿಗೆ ಹೇಳಿದಾಗ, ಅಜ್ಜಿ ಸೆರಗು ಸರಿಮಾಡಿಕೊಂಡು 'ಏನಿಲ್ಲಪ್ಪಾ, ಎಲ್ಲಾ ಸರಿ ಐತಿ' ಅಂದರಂತೆ. ಮನೆಗೆ ಬಂದ ಮೇಲೆ ಮಗಳ ಹತ್ತಿರ ನಿಜ ಹೇಳಿದರಂತೆ. ಆಸ್ಪತ್ರೆಗಳು ಮನೆಯವರ ಬದಲು ವೃತ್ತಿಪರ ದುಭಾಷಿಯನ್ನೇ ಏಕೆ ಬಯಸುತ್ತವೆ ಎಂಬುದು ಆ ಹುಡುಗನಿಗೆ ಅಲ್ಲಿಯೇ ಅರ್ಥವಾಗಿತ್ತು, ಅದನ್ನು ಹೇಳಬೇಕೆಂದು ಮಾತ್ರ ತಿಳಿದಿರಲಿಲ್ಲ. ನಿಮ್ಮ ಮಗುವಿನ ಬಳಿಯೂ ಇಂಥದ್ದೊಂದು ಇರುತ್ತದೆ. ಅದನ್ನು ಕೇಳಿ ಹೊರತೆಗೆಯಿರಿ, ನೀವು ಕಟ್ಟಿಕೊಡಬೇಡಿ.

ನೈತಿಕತೆಯ ಸ್ಟೇಷನ್ನಿಗೆ ಸ್ವಲ್ಪ ಓದು ಬೇಕು. ರೋಗಿಯ ಸ್ವನಿರ್ಧಾರ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ ಎಂಬ ನಾಲ್ಕು ತತ್ತ್ವಗಳು ಗೊತ್ತಿರಬೇಕು. ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯರಿಗೆ ಕೊಟ್ಟಿರುವ, 2024ರ ಜನವರಿಯಿಂದ ಹೊಸ ರೂಪದಲ್ಲಿ ಜಾರಿಯಲ್ಲಿರುವ ನಡವಳಿಕೆಯ ಮಾರ್ಗಸೂಚಿಯನ್ನು ಒಮ್ಮೆ ಪೂರ್ತಿ ಓದಿರಬೇಕು. ಆದರೆ ನಾಲ್ಕು ತತ್ತ್ವಗಳ ಹೆಸರು ಹೇಳಿದ ಮಾತ್ರಕ್ಕೆ ಉತ್ತರವಾಗುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿ ತಾಯಿಗೆ ತಿಳಿಸದೆ ಗರ್ಭನಿರೋಧಕ ಮಾತ್ರೆ ಕೇಳಿಕೊಂಡು ಬಂದಿದ್ದಾಳೆ ಎಂದುಕೊಳ್ಳಿ. 'ಮೊದಲು ಅವಳ ತಾಯಿಗೆ ಫೋನ್ ಮಾಡುತ್ತೇನೆ' ಎಂಬುದು ನಮ್ಮ ಮನೆಗಳ ಉತ್ತರ. 1985ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಗಿಲಿಕ್ ತೀರ್ಪಿನ ಪ್ರಕಾರ, ವಿಷಯವನ್ನು ಅರ್ಥಮಾಡಿಕೊಳ್ಳುವ ಪ್ರೌಢಿಮೆ ಇದ್ದರೆ ಹದಿನಾರಕ್ಕಿಂತ ಚಿಕ್ಕವರೂ ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ನೀಡಬಹುದು. ಹಾಗಾಗಿ ಅವಳಿಗೆ ಎಷ್ಟು ಅರ್ಥವಾಗಿದೆ, ತಾಯಿಗೆ ಹೇಳುವಂತೆ ಅವಳ ಮನವೊಲಿಸಬಹುದೇ, ಅವಳನ್ನು ಯಾರಾದರೂ ದುರುಪಯೋಗಪಡಿಸಿಕೊಳ್ಳುತ್ತಿದ್ದಾರೆಯೇ ಎಂಬ ಮೂರನ್ನೂ ಗಟ್ಟಿಯಾಗಿ ಯೋಚಿಸುತ್ತ ಹೋಗಬೇಕು.

ಗರ್ಭಪಾತದ ಪ್ರಶ್ನೆ ಬಂದಾಗ ನಮ್ಮ ಮಕ್ಕಳು ಬೆಳಗಾವಿಯ ಸವಿತಾ ಹಾಲಪ್ಪನವರ ಹೆಸರನ್ನು ಎತ್ತುತ್ತಾರೆ. ಎತ್ತುವುದಾದರೆ ಪೂರ್ತಿ ತಿಳಿದು ಎತ್ತಲಿ. ದಂತವೈದ್ಯೆಯಾಗಿದ್ದ ಸವಿತಾ 2012ರ ಅಕ್ಟೋಬರಿನಲ್ಲಿ, 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಲ್ಪಟ್ಟು ಐರ್ಲೆಂಡಿನ ಗಾಲ್ವೇಯಲ್ಲಿ ಸೋಂಕು ನಂಜೇರಿ ತೀರಿಕೊಂಡರು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಆ ದೇಶ ತನ್ನ ಸಂವಿಧಾನವನ್ನೇ ತಿದ್ದಿತು. ಆದರೆ ಸಾವಿನ ತನಿಖೆಗಳು ಕಾನೂನಿನ ಜೊತೆಗೆ, ನಂಜೇರುತ್ತಿರುವ ಲಕ್ಷಣಗಳನ್ನು ಸಮಯಕ್ಕೆ ಗುರುತಿಸದ ವೈದ್ಯಕೀಯ ಲೋಪಗಳನ್ನೂ ಎತ್ತಿ ತೋರಿಸಿದವು. ವೈದ್ಯರಾಗಹೊರಟವರು ಆ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಆ ಹೆಣ್ಣುಮಗಳಿಗೆ ನ್ಯಾಯ ಮಾಡಿದಂತಾಗುವುದಿಲ್ಲ.

ಲೆಕ್ಕದ ಸ್ಟೇಷನ್ ಸುಲಭ, ಗಾಬರಿ ಮಾತ್ರ ಕಷ್ಟ. 16 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಔಷಧ ಬೇಕು, ಸಿರಪ್ಪಿನ 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇದೆ, ಎಷ್ಟು ಕೊಡುತ್ತೀರಿ? 240 ಮಿಲಿಗ್ರಾಂ, ಅಂದರೆ 10 ಮಿಲಿಲೀಟರ್. ಕ್ಯಾಲ್ಕುಲೇಟರ್ ಇರುವುದಿಲ್ಲವೆಂದೇ ತಿಳಿದು ಸಿದ್ಧರಾಗಿ, ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಮಾಡಿ. ಕೊನೆಗೆ ಆ ಉತ್ತರ ಒಂದು ಮಗುವಿಗೆ ಕೊಡುವಷ್ಟು ಇದೆಯೇ ಎಂದು ಒಮ್ಮೆ ತಡೆದು ನೋಡಿ. ನೂರು ಮಿಲಿಲೀಟರ್ ಬಂದರೆ ಎಲ್ಲೋ ತಪ್ಪಿದೆ ಎಂದು ಹೇಳಬಲ್ಲವರು, ತಪ್ಪು ಮಾಡಿದರೂ ಅಂಕ ಪಡೆಯುತ್ತಾರೆ.

ಕೆಲವು ಕಾಲೇಜುಗಳಲ್ಲಿ ಒಂದು ಚಿತ್ರವನ್ನೋ ಕೆಲಸವನ್ನೋ ಕೈ ಬಳಸದೆ ಮಾತಿನಿಂದಲೇ ಇನ್ನೊಬ್ಬರಿಗೆ ವಿವರಿಸಬೇಕಾದ ಸ್ಟೇಷನ್ ಇರುತ್ತದೆ. ಇದಕ್ಕೆ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಏಳು ಚುಕ್ಕಿಯ ಒಂದು ರಂಗೋಲಿಯ ಚಿತ್ರವನ್ನು ಮಗುವಿನ ಕೈಗೆ ಕೊಟ್ಟು, ನೀವು ಬೆನ್ನು ಮಾಡಿ ಕುಳಿತು, ಅದು ಹೇಳಿದಂತೆ ಮಾತ್ರ ಬರೆಯಿರಿ. 'ಆಮೇಲೆ ಹೀಗೆ ತಿರುಗಿಸಿ' ಎಂದು ಅದು ಹೇಳಿದಾಗ ನಿಮ್ಮ ಗೆರೆ ಎಲ್ಲಿಗೋ ಹೋಗುತ್ತದೆ. ಮೊದಲು ಒಟ್ಟು ಆಕಾರವನ್ನು ಹೇಳಬೇಕು, ಒಂದು ಸಲಕ್ಕೆ ಒಂದೇ ಸೂಚನೆ ಕೊಡಬೇಕು, ಅರ್ಥವಾಯಿತೇ ಎಂದು ನಡುನಡುವೆ ಕೇಳಬೇಕು ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

'ನಮ್ಮ ಕಾಲೇಜೇ ಏಕೆ' ಎಂಬುದಕ್ಕೆ ರ‍್ಯಾಂಕಿಂಗ್ ಹೇಳಬೇಡಿ. ಅಲ್ಲಿ ಪಾಠ ಸಮಸ್ಯೆಗಳ ಸುತ್ತ ನಡೆಯುತ್ತದೆಯೇ ಅಥವಾ ಉಪನ್ಯಾಸಗಳಲ್ಲೇ, ಶವಚ್ಛೇದನವನ್ನು ವಿದ್ಯಾರ್ಥಿಗಳೇ ಮಾಡುತ್ತಾರೆಯೇ, ಯಾವ ಊರುಗಳ ಆಸ್ಪತ್ರೆಗೆ ಕಳುಹಿಸುತ್ತಾರೆ ಎಂಬುದನ್ನು ಓದಿಕೊಂಡಿರಿ. ಕಾರ್ಡಿಫ್‌ನಲ್ಲಿ ಸಂದರ್ಶನವಿದ್ದರೆ ವೇಲ್ಸ್‌ನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಇಂಗ್ಲೆಂಡಿನಿಂದ ಪ್ರತ್ಯೇಕವಾಗಿ ನಡೆಯುತ್ತದೆ, ಅಲ್ಲಿ ಔಷಧದ ಚೀಟಿಗೆ ಹಣ ಕೊಡಬೇಕಿಲ್ಲ ಎಂಬಷ್ಟಾದರೂ ಗೊತ್ತಿರಲಿ, ಸ್ಕಾಟ್ಲೆಂಡಿನಲ್ಲೂ ಹಾಗೆಯೇ.

ಮುಗಿದ ಮೇಲೆ

ಹೊರಗೆ ಬಂದ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿ ತನಿಖೆ ಮಾಡಬೇಡಿ. ಹೇಳಬಾರದೆಂದು ಸಹಿ ಮಾಡಿದ್ದರೆ ಹೇಳಲೂ ಆಗದು. ಮೊದಲು ಹೊಟ್ಟೆಗೆ ಬಿಸಿಯಾಗಿ ಏನಾದರೂ ಹೋಗಲಿ. ಮುಂದಿನ ಸಂದರ್ಶನ ಬಾಕಿಯಿದ್ದರೆ ಅದೇ ಸಂಜೆ ಮಗು ತನಗೆ ತಾನೇ ನಾಲ್ಕು ಸಾಲು ಬರೆದಿಟ್ಟುಕೊಳ್ಳಲಿ: ಎಲ್ಲಿ ಆತುರಪಟ್ಟೆ, ಎಲ್ಲಿ ಕೇಳಿಸಿಕೊಳ್ಳದೆ ಮಾತನಾಡಿದೆ.

ಉತ್ತರ ಬೇಗ ಬರುವುದಿಲ್ಲ. ಎಲ್ಲರ ಸಂದರ್ಶನ ಮುಗಿದ ಮೇಲೆಯೇ ಆಫರ್ ಕಳುಹಿಸುವ ಕಾಲೇಜುಗಳಿವೆ, ಆಗ ಮಾರ್ಚ್ ಕಳೆದಿರಬಹುದು. ಡಿಸೆಂಬರಿನಲ್ಲಿ ಸಂದರ್ಶನವಾಗಿ ಮೂರು ತಿಂಗಳು ಮೌನವಿದ್ದರೆ ಅದು ನಿರಾಕರಣೆಯಲ್ಲ. ಬರುವ ಆಫರ್ ಸಾಮಾನ್ಯವಾಗಿ ಷರತ್ತಿನದು, ಆಗಸ್ಟಿನಲ್ಲಿ ಬರುವ ಎ-ಲೆವೆಲ್ (ನಮ್ಮ ಪಿಯುಸಿಯಂಥ ಪರೀಕ್ಷೆ) ಅಂಕಗಳು ಆ ಷರತ್ತನ್ನು ಪೂರೈಸಬೇಕು. ಕಾಯುವ ಪಟ್ಟಿಯಲ್ಲಿ ಇಟ್ಟರೆ ಇಮೇಲನ್ನು ಆಗಸ್ಟ್‌ವರೆಗೂ ನೋಡುತ್ತಿರಿ. ನಾಲ್ಕೂ ಕಡೆ ಇಲ್ಲವೆಂದಾದರೆ ಐದನೆಯ ಆಯ್ಕೆಯ ಕೋರ್ಸ್ ಸೇರಿ ಪದವಿಯ ನಂತರ ಮೆಡಿಸಿನ್‌ಗೆ ಬರುವ ದಾರಿಯಿದೆ. ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕುವ ದಾರಿಯೂ ಇದೆ. ಎರಡನೆಯದನ್ನು ಆರಿಸಿಕೊಳ್ಳುವವರು ಒಂದನ್ನು ಮರೆಯಬಾರದು: ಯುಕ್ಯಾಟ್ ಅಂಕ ಆ ವರ್ಷದ ಅರ್ಜಿಗೆ ಮಾತ್ರ ಸಲ್ಲುತ್ತದೆ, ಆದ್ದರಿಂದ ಬರುವ ಬೇಸಿಗೆಯಲ್ಲಿ ಆ ಪರೀಕ್ಷೆಯನ್ನು ಹೊಸದಾಗಿ ಬರೆಯಬೇಕು, ಅದರ ನೋಂದಣಿಯ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.